ಏಳು ವರ್ಷದ ತಿಳಿವು

ಕಳೆದ ವಾರ ಪರಿಚಿತರೊಬ್ಬರು ಮಗಳೊಡನೆ ನನ್ನ ಕಚೇರಿಗೆ ಬಂದಿದ್ದರು. ಮೂರನೆಯ ತರಗತಿಯ ಆಕೆಯನ್ನು ಕನ್ನಡ ಶಾಲೆಯಿಂದ ಆಂಗ್ಲ ಮಾಧ್ಯಮಕ್ಕೆ ಸೇರಿಸಬೇಕಾಗಿತ್ತು. ಜನ್ಮದಿನಾಂಕದಲ್ಲಿ ವ್ಯತ್ಯಾಸವಿದ್ದುದರಿಂದ ಅಫಿಡವಿಟ್ ಬೇಕಿತ್ತು. ಹುಡುಗಿ ಬೆಂಚಿನ ತುದಿಯಲ್ಲಿ ಕುಳಿತು ಪುಟ್ಟ ಪುಸ್ತಕವೊಂದನ್ನು ಮೆಲುದನಿಯಲ್ಲಿ ಓದುತ್ತಿದ್ದಳು. ಭಾಷೆ ಕೊಂಕಣಿ, ಅಕ್ಷರ ಕನ್ನಡ. ಬರುವ ತಿಂಗಳು ಆಕೆಗೆ ಪ್ರಥಮ ಪರಮಪ್ರಸಾದ. ಅವರ ಮನೆಮಾತಿನಲ್ಲಿ ಕುಮ್ಗಾರ್.

ನಾನು ಆ ಮತದವನಲ್ಲ. ಆದರೆ ವಕೀಲನ ಕಿವಿಗೆ ಈ ವಯಸ್ಸಿನ ಮಾತು ಬಿದ್ದರೆ ಸುಮ್ಮನಿರಲಾಗದು. ಏಳು ವರ್ಷ ತುಂಬದ ಮಗುವಿನ ಕೃತ್ಯ ಅಪರಾಧವಲ್ಲವೆಂದು ಹಳೆಯ ದಂಡಸಂಹಿತೆಯ 82ನೆಯ ಕಲಮು ಹೇಳುತ್ತಿತ್ತು. ಈಗಿನ ನ್ಯಾಯ ಸಂಹಿತೆಯ 20ನೆಯ ಕಲಮೂ ಅದನ್ನೇ ಹೇಳುತ್ತದೆ. ಕಥೋಲಿಕ ಧರ್ಮಸಭೆಯ ಕಾನೂನೂ ಏಳು ತುಂಬಿದ ಮಗುವಿಗೆ ವಿವೇಕ ಬಂದಿದೆಯೆಂದು ಭಾವಿಸುತ್ತದೆ. ಒಂದು ಕಡೆ ಶಿಕ್ಷೆಗೆ ಅರ್ಹತೆ, ಇನ್ನೊಂದು ಕಡೆ ಪ್ರಸಾದಕ್ಕೆ ಅರ್ಹತೆ!

ಹಿಂದೆ ಹೀಗಿರಲಿಲ್ಲ. 1215ರ ಲ್ಯಾಟರನ್ ಮಹಾಸಭೆ ವಿವೇಕದ ವಯಸ್ಸೆಂದಷ್ಟೇ ಹೇಳಿತ್ತು. ಕಾಲಕ್ರಮದಲ್ಲಿ ಅದನ್ನು ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕಕ್ಕೂ ಏರಿಸಿದರು. 1910ರ ಆಗಸ್ಟ್ 8ರಂದು ಹತ್ತನೆಯ ಪಿಯೂಸ್ ಪೋಪರ ಆಜ್ಞೆ ಅದನ್ನು ಮತ್ತೆ ಸುಮಾರು ಏಳಕ್ಕೆ ಇಳಿಸಿತು. ಪರಿಪೂರ್ಣ ಜ್ಞಾನ ಬೇಕಿಲ್ಲ, ಶಕ್ತ್ಯನುಸಾರ ತಿಳಿದರೆ ಸಾಕು. ಮರಣದ ಅಂಚಿನಲ್ಲಿರುವ ಮಗುವಾದರೆ ಸಾಧಾರಣ ಆಹಾರಕ್ಕೂ ಕ್ರಿಸ್ತನ ಶರೀರಕ್ಕೂ ಇರುವ ಭೇದವನ್ನು ಅರಿತು ಭಕ್ತಿಯಿಂದ ಸ್ವೀಕರಿಸಬಲ್ಲದಾದರೆ ಸಾಕೆನ್ನುತ್ತದೆ ಇಂದಿನ ನಿಯಮ. ಇಷ್ಟು ದಯೆಯ ಕಲಮನ್ನು ನಾನು ಬೇರೆಲ್ಲೂ ಹೆಚ್ಚು ಕಂಡಿಲ್ಲ.

ಬಲಿಪೂಜೆಯಲ್ಲಿ ಅರ್ಪಿತವಾದ ಗೋಧಿಯ ರೊಟ್ಟಿ ಅವರ ನಂಬಿಕೆಯಲ್ಲಿ ಸಂಕೇತ ಮಾತ್ರವಲ್ಲ, ಕ್ರಿಸ್ತನೇ. ಆದ್ದರಿಂದ ಪೂಜೆ ಮುಗಿದರೂ ಆರಾಧನೆ ಮುಗಿಯುವುದಿಲ್ಲ. ಉಳಿದ ಪ್ರಸಾದ ಪೀಠದ ಬಳಿಯ ಪೆಟ್ಟಿಗೆಯಲ್ಲಿರುತ್ತದೆ; ಭಕ್ತರು ಅದರೆದುರು ಮೊಣಕಾಲೂರಿ ಮೌನವಾಗಿ ಕೂರುತ್ತಾರೆ. ಆ ಪೆಟ್ಟಿಗೆಯ ಸಮೀಪ ದೀಪವೇಕೆ ಸದಾ ಉರಿಯುತ್ತದೆಂದು ಹುಡುಗಿಯನ್ನು ಕೇಳಿದೆ. "ಯೇಸು ಒಳಗಿದ್ದಾರಲ್ಲ ಸರ್, ಅದಕ್ಕೆ" ಎಂದಳು. ಪಾಟೀಸವಾಲಿಗೆ ಅವಕಾಶವೇ ಉಳಿಯಲಿಲ್ಲ.

ಮಗುವನ್ನು ಸಿದ್ಧಗೊಳಿಸುವ ಹೊಣೆ ಮೊದಲು ತಂದೆತಾಯಿಯರದು, ಆಮೇಲೆ ಧರ್ಮಗುರುಗಳದು. ಇದೂ ಅವರ ಕಾನೂನಿನಲ್ಲೇ ಇದೆ. ಈ ಸಿದ್ಧತೆ ನಮ್ಮ ಕರಾವಳಿಯಲ್ಲಿ ಬಹುತೇಕ ಕನ್ನಡ ಲಿಪಿಯ ಕೊಂಕಣಿ ಪುಸ್ತಕಗಳಿಂದಲೇ ನಡೆದುಬಂದಿದೆ. ಕನ್ನಡ ಶಾಲೆಯ ಕಪ್ಪುಹಲಗೆಯ ಮೇಲೆ ಕಲಿತ ಅಕ್ಷರವೇ ದೇವಾಲಯದ ಬೆಂಚಿನಲ್ಲೂ ಕೈಹಿಡಿಯುತ್ತದೆ. ಶಾಲೆ ಉಳಿಸುವ ಸಭೆಗಳಲ್ಲಿ ನಾವು ಉದ್ಯೋಗ, ಮೀಸಲಾತಿ, ಅಧಿಸೂಚನೆಗಳ ಮಾತನ್ನೇ ಆಡುತ್ತೇವೆ. ಪ್ರಾರ್ಥನೆಯ ಪುಸ್ತಕದ ಮಾತು ಬಂದ ನೆನಪಿಲ್ಲ.

"ಮುಂದೆ ಇವಳು ಆರಾಧನೆಯಲ್ಲಿ ಯಾವ ಪುಸ್ತಕ ಓದುತ್ತಾಳೆ?" ಎಂದು ತಂದೆಯನ್ನು ಕೇಳಿದೆ. "ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರಾಯಿತಲ್ಲ ವಕೀಲರೇ" ಎಂದರು. ಬಳಿಕ ಸ್ವಲ್ಪ ಹೊತ್ತು ಮಗಳ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ನಿಂತರು. ಅದು ಅವರ ತಾಯಿಯ ಪುಸ್ತಕವಂತೆ.

ಅಫಿಡವಿಟ್ ಸಿದ್ಧವಾಗಿದೆ. ಸಹಿ ಹಾಕಲು ಅವರಿನ್ನೂ ಬಂದಿಲ್ಲ.