ಮುಚ್ಚಿದ ಶಟರಿನ ಒಳಗಡೆ

ಕೆವಿನ್ ಸ್ಮಿತ್ ಅವರ ‘ಕ್ಲರ್ಕ್ಸ್’ (1994) ಚಿತ್ರವನ್ನು ಮೆಚ್ಚುವವರು ಮೊದಲು ಹೇಳುವುದು ಅದರ ಖರ್ಚಿನ ಲೆಕ್ಕ: 27,575 ಡಾಲರ್, ಅದರಲ್ಲಿ ಕ್ರೆಡಿಟ್ ಕಾರ್ಡಿನ ಸಾಲವೂ ಸೇರಿತ್ತು. ಆದರೆ ಅಗ್ಗವಾಗಿ ತೆಗೆದದ್ದಲ್ಲ, ಹಣದ ಕೊರತೆಯನ್ನೇ ಕತೆಯ ಒಳಗೆ ಎಳೆದುಕೊಂಡದ್ದು ಈ ಚಿತ್ರದ ನಿಜವಾದ ಹೆಚ್ಚುಗಾರಿಕೆ. ನ್ಯೂಜೆರ್ಸಿಯ ಲಿಯೊನಾರ್ಡೊದಲ್ಲಿ ತಾವು ಕೆಲಸಕ್ಕಿದ್ದ ದಿನಸಿ ಅಂಗಡಿಯಲ್ಲೇ ಸ್ಮಿತ್ ಚಿತ್ರೀಕರಿಸಿದರು. ಹಗಲೆಲ್ಲ ವ್ಯಾಪಾರವಿದ್ದುದರಿಂದ ಅಂಗಡಿ ಸಿಗುತ್ತಿದ್ದುದು ರಾತ್ರಿ. ಕತೆ ನಡೆಯುವುದೋ ಹಗಲಿನಲ್ಲಿ. ಹೊರಗಿನ ಕತ್ತಲೆ ಕಾಣಬಾರದೆಂದು ಶಟರ್ ಮುಚ್ಚಬೇಕಾಯಿತು, ಅದಕ್ಕೆ ಕಾರಣವಾಗಿ ಬೀಗದೊಳಗೆ ಯಾರೋ ಚೂಯಿಂಗ್ ಗಮ್ ತುರುಕಿದ ಪ್ರಸಂಗ ಹುಟ್ಟಿತು. ಹಾಗೆ ಮುಚ್ಚಿದ ಅಂಗಡಿಯಲ್ಲಿ, ರಜೆಯ ದಿನವೂ ಕೆಲಸಕ್ಕೆ ಬಂದ ಡಾಂಟೆ, ಪಕ್ಕದ ವಿಡಿಯೊ ಅಂಗಡಿಯನ್ನು ಬಿಟ್ಟುಬಂದು ಹರಟುವ ಗೆಳೆಯ ರಾಂಡಲ್ ಜೊತೆ ದಿನವಿಡೀ ಸಿಕ್ಕಿಬೀಳುತ್ತಾನೆ. ಕ್ಯಾಮೆರಾ ಕದಲುವುದಿಲ್ಲ, ನಟನೆ ಹಸಿಯಾಗಿದೆ ಎಂಬ ದೂರುಗಳು ನನಗೆ ದೊಡ್ಡವೆನಿಸುವುದಿಲ್ಲ. ಕೌಂಟರ್ ಹಿಂದೆ ನಿಂತವನ ದಿನವೂ ಕದಲುವುದಿಲ್ಲವಲ್ಲ. ಚಿತ್ರ ಹೆಂಗಸರನ್ನು ಗಂಡಸರ ಕಣ್ಣಿನಿಂದಷ್ಟೇ ನೋಡುತ್ತದೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಡಾಂಟೆಯ ಪ್ರೇಯಸಿ ವೆರೋನಿಕಾಳ ಹಿಂದಿನ ಸಂಬಂಧಗಳನ್ನು ಚಿತ್ರ ಲಘುವಾಗಿ ನಗೆಗೆ ಬಳಸುತ್ತದೆ, ಅದನ್ನು ಸಮರ್ಥಿಸಲಾಗದು. ಆದರೂ ಅಂಗಡಿಗೆ ಊಟ ತಂದುಕೊಟ್ಟು, ಮತ್ತೆ ಕಾಲೇಜು ಸೇರು ಎಂದು ಡಾಂಟೆಯ ಬೆನ್ನುಬೀಳುವವಳೂ ಅವಳೇ. ಹಳೆಯ ಗೆಳತಿ ಕೇಟ್ಲಿನ್‌ಳ ನೆನಪಿಗೆ ಜೋತುಬಿದ್ದು ಆತ ಇವಳನ್ನು ಕಳೆದುಕೊಳ್ಳುತ್ತಾನೆ. ಅವನನ್ನು ಇಲ್ಲಿ ಯಾರೂ ಕಟ್ಟಿಹಾಕಿಲ್ಲ ಎಂದು ಕೊನೆಗೆ ಮುಖದ ಮೇಲೆ ಹೇಳುವ ಧೈರ್ಯವನ್ನು ಸ್ಮಿತ್ ರಾಂಡಲ್‌ಗೆ ಕೊಟ್ಟಿದ್ದಾರೆ.