ಫೀಡ್ ಅಂದ್ರೆ ಲಿಸ್ಟ್ ಅಲ್ಲ ಸ್ವಾಮಿ!

ಬ್ಲಾಗ್ ಜೊತೆಗೆ ಆಗೀಗ ಕೋಡನ್ನೂ ಬರೆಯುವ ಗೆಳೆಯರೇ, ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೀನಿ.

ಫೀಡನ್ನು ಕೋಡಿಗೆ ಇಳಿಸುವಾಗ ನಾವೆಲ್ಲ ಮಾಡೋದು ಒಂದೇ. 'ಬ್ಲಾಗ್' ಅಂತ ಒಂದು ಕ್ಲಾಸ್, ಅದರೊಳಗೆ 'ಎಂಟ್ರೀಸ್' ಅಂತ ಒಂದು ಲಿಸ್ಟ್, ಅದರ ಮೇಲೊಂದು ಫಾರ್ ಲೂಪ್. ಮುಗೀತು! ನೋಡೋಕೆ ಎಷ್ಟು ಚೆಂದ... ಆದ್ರೆ ಅದು ಶುದ್ಧ ಸುಳ್ಳು.

ಸುಳ್ಳು ಯಾಕೆ ಅಂತ ನಾನು ಕಲಿತಿದ್ದು 2023ರಲ್ಲಿ. ನಮ್ಮೂರಿನ ಮೇಷ್ಟ್ರೊಬ್ಬರು ತಮ್ಮ ಹಳೇ ಬ್ಲಾಗ್ ಮುಚ್ಚೋರಿದ್ರು. "ಎಲ್ಲಾ ಇಳಿಸಿ ಕೊಡಪ್ಪ" ಅಂದ್ರು. ಹತ್ತು ನಿಮಿಷದಲ್ಲಿ ಸ್ಕ್ರಿಪ್ಟ್ ಬರೆದೆ. ಸರಿಯಾಗಿ ಬಂತಾ ಅಂತ ಪರೀಕ್ಷೆ ಬೇರೆ! ಲಿಸ್ಟಿನಲ್ಲಿ 25, ಡಿಸ್ಕಿನಲ್ಲೂ 25. ಸರಿ ಇದೆ ಸಾರ್ ಅಂದೆ, ಅವರು ಬ್ಲಾಗ್ ಅಳಿಸಿದರು. ಅಲ್ಲಿದ್ದ ಬರಹ ಮುನ್ನೂರಕ್ಕೂ ಹೆಚ್ಚು! ಲಿಸ್ಟನ್ನು ಅದರ ನೆರಳಿನ ಜೊತೆಗೇ ಹೋಲಿಸಿ ಬೆನ್ನು ತಟ್ಟಿಕೊಂಡಿದ್ದೆ. "ಹೋಗ್ಲಿ ಬಿಡಪ್ಪ" ಅಂದ್ರು ಮೇಷ್ಟ್ರು. ಬೈದಿದ್ರೆ ಚೆನ್ನಾಗಿತ್ತು.

ಪಾರ್ಸರ್‌ನ ಬೈಯೋಣವೇ? ಅದು ಕೊಟ್ಟ ಡಾಕ್ಯುಮೆಂಟನ್ನು ಸರಿಯಾಗೇ ಓದಿತ್ತು. ಆ ಡಾಕ್ಯುಮೆಂಟೇ ಇಡೀ ಸಂಗ್ರಹ ಅಂದುಕೊಂಡಿದ್ದು ನನ್ನ ಕ್ಲಾಸು. ಬಾವಿಯಿಂದ ಒಂದು ಕೊಡ ಎತ್ತಿ, ಇದೇ ಬಾವಿ ಅಂದ ಹಾಗೆ!

ತಮಾಷೆ ಅಂದ್ರೆ ಇದನ್ನೆಲ್ಲ 2007ರಲ್ಲೇ ಬರೆದಿಟ್ಟಿದ್ದಾರೆ. ಆಟಮ್ ಪಬ್ಲಿಷಿಂಗ್ ಪ್ರೋಟೋಕಾಲ್, ಅಂದ್ರೆ ಆರ್‌ಎಫ್‌ಸಿ 5023, ತೆಗೆದು ನೋಡಿ. ಕಲೆಕ್ಷನ್ ದೊಡ್ಡದಿದ್ದರೆ ಸರ್ವರ್ ಒಂದು ತುಂಡು ಕೊಡಬಹುದು, ಮುಂದಿನ ತುಂಡಿಗೆ 'ನೆಕ್ಸ್ಟ್' ಲಿಂಕ್ ಇರುತ್ತದೆ. ನನಗೆ ಬಂದ ಎಕ್ಸ್‌ಎಂಎಲ್‌ನಲ್ಲೂ ಆ ಲಿಂಕ್ ಇತ್ತು. ನನ್ನ ಆಬ್ಜೆಕ್ಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೆ.

ಎರಡನೇ ಸುಳ್ಳು ಇನ್ನೂ ಅಪಾಯದ್ದು. ಫೀಡಿನಲ್ಲಿ ಕಾಣುವ ಎಂಟ್ರಿ ಪೂರ್ತಿ ಬರಹ ಅಂತ ನಂಬಲೇಬಾರದು, ತಿದ್ದುವ ಮೊದಲು ಅದರ ಸ್ವಂತ ವಿಳಾಸದಿಂದ ಗೆಟ್ ಮಾಡಿ ಅನ್ನುತ್ತದೆ ಅದೇ ಆರ್‌ಎಫ್‌ಸಿ. ನಾವೇನು ಮಾಡ್ತೀವಿ? ಲಿಸ್ಟಿನಿಂದ ತೆಗೆದು, ಶೀರ್ಷಿಕೆಯ ಒಂದು ಒತ್ತಕ್ಷರ ತಿದ್ದಿ, ವಾಪಸ್ ಪುಟ್ ಮಾಡ್ತೀವಿ. ಫೀಡಿನಲ್ಲಿ ಬರೀ ಸಾರಾಂಶ ಇದ್ದರೆ ಬರಹದ ಉಳಿದ ಭಾಗಕ್ಕೆ ಎಳ್ಳುನೀರು. ನಮ್ಮ ಕ್ಲಾಸಿಗೆ ಗೊತ್ತಿಲ್ಲದ ಟ್ಯಾಗುಗಳಿದ್ದರೆ ಅವೂ ಮಾಯ. ಅವನ್ನು ಹಾಗೇ ಉಳಿಸಿಕೊಳ್ಳಿ ಅಂತಲೂ ಅಲ್ಲೇ ಹೇಳಿದೆ!

"ಅಯ್ಯೋ, ಲಿಸ್ಟ್ ಸರಳ ಮಾರಾಯ, ಇಟರೇಟರ್ ಹಾಕಿದ್ರೆ ಆಯ್ತು" ಅನ್ನುವವರಿದ್ದಾರೆ. ಅರ್ಧ ಸರಿ. ಆದರೆ ಕಲೆಕ್ಷನ್ ನಿಂತ ನೀರಲ್ಲ. ಇತ್ತೀಚೆಗೆ ತಿದ್ದಿದ್ದು ಮೊದಲು ಬರಬೇಕು ಅನ್ನೋದು ಅದರ ಕ್ರಮ. ನೀವು ಮೂರನೇ ಪುಟದಲ್ಲಿರುವಾಗ ಯಾರೋ ಹಳೇ ಬರಹ ತಿದ್ದಿದರೆ ಅದು ಮೊದಲ ಪುಟಕ್ಕೆ ಹಾರುತ್ತದೆ, ನಿಮಗೆ ಸಿಗುವುದೇ ಇಲ್ಲ. ನಡುವೆ ಇದ್ದದ್ದೊಂದು ಕೆಳಗೆ ಜಾರಿ ಎರಡು ಸಲ ಬಂದೀತು. ಸರಳತೆ ಬೇಕು, ನಿಜ. ಇಲ್ಲದ ಸರಳತೆ ತೋರಿಸಿದರೆ ಅದು ಮೋಸ.

ಹಾಗಾದ್ರೆ ಏನು ಮಾಡಬೇಕು? ಪುಟಕ್ಕೆ ಒಂದು ಕ್ಲಾಸ್, ಕಲೆಕ್ಷನ್‌ಗೆ ಬೇರೆಯೇ ಕ್ಲಾಸ್. ಕಲೆಕ್ಷನ್‌ಗೆ 'ಲೆಂಗ್ತ್' ಕೊಡಲೇಬೇಡಿ, ಗೊತ್ತಿಲ್ಲದ್ದನ್ನು ಹೇಳಬಾರದು. ಫೀಡಿನ ಎಂಟ್ರಿಗೆ 'ಸೇವ್' ಇರಕೂಡದು, ಅದರ ವಿಳಾಸದಿಂದ ತಂದ ಪೂರ್ತಿ ಎಂಟ್ರಿಗೆ ಮಾತ್ರ ಇರಲಿ. ಗುರುತಿಗೆ ಆಟಮ್ ಐಡಿ ಹಿಡಿಯಿರಿ, ಶೀರ್ಷಿಕೆಯನ್ನಲ್ಲ. 'ಹನಿಗವನ' ಅನ್ನೋ ಶೀರ್ಷಿಕೆ ನಮ್ಮಲ್ಲಿ ಎಷ್ಟು ಸಲ ಬರುತ್ತೆ ಅಂತ ನಿಮಗೇ ಗೊತ್ತು :-) ಕೊನೆ ಪುಟ ಮುಟ್ಟಿದ ಮೇಲೆ ಮತ್ತೆ ಮೊದಲ ಪುಟ ನೋಡಿ, ಅಷ್ಟರಲ್ಲಿ ಏನಾದರೂ ಮೇಲೆ ಬಂದಿದೆಯಾ ಅಂತ.

ಇಪ್ಪತ್ತು ಸಾಲು ಜಾಸ್ತಿ ಆಗುತ್ತೆ, ಆಗಲಿ ಬಿಡಿ. ಮೇಷ್ಟ್ರ ಇನ್ನೂರ ಎಪ್ಪತ್ತೈದಕ್ಕೂ ಹೆಚ್ಚು ಬರಹಗಳಿಗಿಂತ ಆ ಇಪ್ಪತ್ತು ಸಾಲು ದುಬಾರಿಯಲ್ಲ.

ಏನಂತೀರಿ? ಒಪ್ಪದಿದ್ದರೆ ಬೈದು ಹೋಗಿ. ಅದಕ್ಕೂ ಮೊದಲು ನಿಮ್ಮ ಬ್ಯಾಕಪ್ಪಿನಲ್ಲಿ ಎಷ್ಟು ಬರಹ ಇದೆ ಅಂತ ಒಮ್ಮೆ ಎಣಿಸಿ ನೋಡಿ...