ಪಾಲಿಸಿಯ ಜುಟ್ಟು ಯಾರ ಕೈಯಲ್ಲಿ?

ಅಮೆರಿಕದಲ್ಲಿ ಜೀವವಿಮೆ ಮಾರುವ ಏಜೆಂಟರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ವಿಮೆಯ ಹಣಕ್ಕೆ ತೆರಿಗೆ ಇಲ್ಲ. ಮಾತು ಸುಳ್ಳಲ್ಲ. ವಿಮೆ ಮಾಡಿಸಿದವರು ತೀರಿಕೊಂಡಾಗ ಮನೆಯವರ ಕೈಸೇರುವ ಮೊತ್ತಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಬೀಳುವುದಿಲ್ಲ. ಆದರೆ ಅಲ್ಲಿ ಇನ್ನೊಂದು ತೆರಿಗೆ ಇದೆ. ತೀರಿಕೊಂಡವರು ಬಿಟ್ಟುಹೋದದ್ದನ್ನೆಲ್ಲ ಒಟ್ಟುಗೂಡಿಸಿ, ಒಂದು ಮಿತಿ ದಾಟಿದ ಭಾಗಕ್ಕೆ ಶೇ 40ರಷ್ಟು ಕೇಳುವ ಎಸ್ಟೇಟ್ ತೆರಿಗೆ ಅದು. 1916ರಲ್ಲಿ ಬಂತು. ಎರಡೇ ವರ್ಷಕ್ಕೆ, 1918ರಲ್ಲಿ, ವಿಮೆಯ ಹಣವೂ ಅದರ ಲೆಕ್ಕಕ್ಕೆ ಸೇರಿತು. ಏಜೆಂಟರು ಈ ಎರಡನೆಯ ತೆರಿಗೆಯ ಸುದ್ದಿ ಎತ್ತುವುದು ಅಪರೂಪ.

ಇಲ್ಲಿಂದ ಹೋದವರಿಗೂ ಅದು ತಾನಾಗಿ ಹೊಳೆಯುವುದಿಲ್ಲ. ಭಾರತದಲ್ಲಿ 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ ಇತ್ತು. ಅದರ ಗರಿಷ್ಠ ದರ ಶೇ 85ಕ್ಕೆ ಏರಿತ್ತು. ಬರುವ ಹಣ ಅಲ್ಪ, ವಸೂಲಿಯ ತಾಪತ್ರಯವೇ ಹೆಚ್ಚು ಎಂದು ಹಣಕಾಸು ಸಚಿವ ವಿ.ಪಿ. ಸಿಂಗ್ 1985ರ ಮಾರ್ಚ್‌ನಲ್ಲಿ ಅದಕ್ಕೆ ಮಂಗಳ ಹಾಡಿದರು. ಹಾಗಾಗಿ ಈಗ ದುಡಿಯುತ್ತಿರುವ ತಲೆಮಾರಿಗೆ ಸಾವಿನ ಮೇಲೆ ತೆರಿಗೆ ಎಂಬುದೇ ವಿಚಿತ್ರವಾಗಿ ಕೇಳಿಸುತ್ತದೆ.

ಹೆದರುವ ಮೊದಲು ಮಿತಿಯನ್ನು ನೋಡೋಣ. 2026ರಲ್ಲಿ ಫೆಡರಲ್ ವಿನಾಯಿತಿ ತಲೆಗೆ 1.5 ಕೋಟಿ ಡಾಲರ್. ಇದನ್ನು ದಾಟುವವರು ಬೆರಳೆಣಿಕೆ. ಆದರೆ ಕೆಲವು ರಾಜ್ಯಗಳಿಗೆ ತಮ್ಮದೇ ಎಸ್ಟೇಟ್ ತೆರಿಗೆ ಇದೆ, ಮಿತಿಯೂ ತೀರ ಕೆಳಗಿದೆ. ಮ್ಯಾಸಚೂಸೆಟ್ಸ್‌ನಲ್ಲಿ 20 ಲಕ್ಷ ಡಾಲರ್. ಆರೆಗಾನ್‌ನಲ್ಲಿ ಬರೀ 10 ಲಕ್ಷ, ಬೆಲೆಯೇರಿಕೆಗೆ ತಕ್ಕಂತೆ ಅದು ಮೇಲೇರುವುದೂ ಇಲ್ಲ.

ಆರೆಗಾನ್‌ನ ಹಿಲ್ಸ್‌ಬರೊದಲ್ಲಿ ಇಂಟೆಲ್‌ನ ಚಿಪ್ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳಿ. ಹೆಂಡತಿ ಮೊದಲೇ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳು. ಸಾಲ ಕಳೆದು ಮನೆಯ ಬೆಲೆ 5 ಲಕ್ಷ ಡಾಲರ್, ನಿವೃತ್ತಿ ಖಾತೆಯಲ್ಲಿ 6 ಲಕ್ಷ. ಇಷ್ಟೇ ಆದರೆ ಒಟ್ಟು 11 ಲಕ್ಷ. ಸಣ್ಣಪುಟ್ಟ ಕಳೆತಗಳನ್ನು ಬದಿಗಿಟ್ಟರೆ ರಾಜ್ಯದ ತೆರಿಗೆ ಸುಮಾರು 10 ಸಾವಿರ ಡಾಲರ್. ಆದರೆ ಮಕ್ಕಳಿಗೆಂದು ಅವರು 15 ಲಕ್ಷ ಡಾಲರ್‌ನ ಟರ್ಮ್ ಪಾಲಿಸಿ ಮಾಡಿಸಿದ್ದಾರೆ. ಬದುಕಿರುವಾಗ ನಯಾಪೈಸೆ ಬೆಲೆಯಿಲ್ಲದ ಆ ಕಾಗದ ಅವರು ಹೋದ ದಿನ 15 ಲಕ್ಷವಾಗಿ ಲೆಕ್ಕಕ್ಕೆ ಬಂದು ಕೂರುತ್ತದೆ. ಒಟ್ಟು 26 ಲಕ್ಷ, ತೆರಿಗೆ 1 ಲಕ್ಷ 63 ಸಾವಿರ. ಶ್ರೀಮಂತನಾಗಿ ಬಾಳದ ಮನುಷ್ಯ ಸತ್ತ ಮೇಲೆ ತೆರಿಗೆಯವರ ಪುಸ್ತಕದಲ್ಲಿ ಶ್ರೀಮಂತನಾಗುತ್ತಾನೆ.

ನಾಮಿನಿ ಮಕ್ಕಳೇ ತಾನೆ, ಹಣ ಅಪ್ಪನ ಕೈಗೆ ಬರಲೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಎಲ್ಲರೂ ಎಡವುವುದು ಇಲ್ಲಿಯೇ. ತೆರಿಗೆ ಸಂಹಿತೆಯ 2042ನೇ ಸೆಕ್ಷನ್ ಕೇಳುವುದು ಎರಡು ಪ್ರಶ್ನೆ. ಹಣ ಮೃತರ ಎಸ್ಟೇಟಿಗೇ ಸಂದಾಯವಾಗುತ್ತದೆಯೇ? ಇಲ್ಲವಾದರೆ, ಸಾಯುವ ಹೊತ್ತಿಗೆ ಪಾಲಿಸಿಯ ಮೇಲೆ ಮೃತರಿಗೆ ಒಡೆತನದ ಯಾವುದಾದರೂ ಹಕ್ಕು ಉಳಿದಿತ್ತೇ? ಫಲಾನುಭವಿಯನ್ನು ಬದಲಿಸುವುದು, ಪಾಲಿಸಿಯನ್ನು ಸರೆಂಡರ್ ಮಾಡುವುದು, ಬೇರೆಯವರಿಗೆ ವರ್ಗಾಯಿಸುವುದು, ಅದರ ಮೇಲೆ ಸಾಲ ಎತ್ತುವುದು, ಇವುಗಳಲ್ಲಿ ಒಂದೇ ಒಂದು ಉಳಿದಿದ್ದರೂ ಪೂರ್ತಿ ಮೊತ್ತ ಎಸ್ಟೇಟಿಗೆ ಸೇರುತ್ತದೆ. ತೋಟವನ್ನು ಮಗನ ಹೆಸರಿಗೆ ಬರೆದು, ಫಸಲು ಮಾರುವ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡ ಅಪ್ಪನನ್ನು ಊರವರು ಇನ್ನೂ ತೋಟದ ಯಜಮಾನ ಎಂದೇ ಕರೆಯುತ್ತಾರಲ್ಲ, ಹಾಗೆ. ಪ್ರೀಮಿಯಂ ಕಟ್ಟಿದವರು ಯಾರು ಎಂದೂ ಒಂದು ಕಾಲದಲ್ಲಿ ನೋಡುತ್ತಿದ್ದರು; 1954ರ ಸಂಹಿತೆ ಆ ಪರೀಕ್ಷೆಯನ್ನು ಕೈಬಿಟ್ಟಿತು. ಈಗ ಜುಟ್ಟು ಯಾರ ಕೈಯಲ್ಲಿತ್ತು ಎಂಬುದೇ ಮುಖ್ಯ. ಕಂಪನಿ ಕೊಡುವ ಗುಂಪು ವಿಮೆಯೂ ಇದರಿಂದ ಹೊರತಲ್ಲ, ನಾಮಿನಿ ಬದಲಿಸುವ ಹಕ್ಕು ನೌಕರನದೇ ಆದ್ದರಿಂದ.

ಇದರಿಂದ ಪಾರಾಗುವ ದಾರಿ ಟ್ರಸ್ಟ್. ಅದರ ಕೆಲಸ ಈ ಜುಟ್ಟನ್ನು ಬೇರೆಯವರ ಕೈಗೆ ಕೊಡುವುದು. ಆದರೆ ಎಲ್ಲ ಟ್ರಸ್ಟೂ ಅದನ್ನು ಮಾಡುವುದಿಲ್ಲ. ಬೇಕೆಂದಾಗ ರದ್ದು ಮಾಡಬಹುದಾದ ‘ಲಿವಿಂಗ್ ಟ್ರಸ್ಟ್’ ಅಲ್ಲಿ ಮನೆಮಾತು. ಅಪ್ರಾಪ್ತ ಮಕ್ಕಳ ಹಣವನ್ನು ಕೋರ್ಟಿನ ಗೊಡವೆಯಿಲ್ಲದೆ ನೋಡಿಕೊಳ್ಳಲು ಅದು ಚೆನ್ನಾಗಿದೆ. ಎಸ್ಟೇಟ್ ತೆರಿಗೆಯಲ್ಲಿ ಮಾತ್ರ ಒಂದು ಡಾಲರೂ ಉಳಿಸುವುದಿಲ್ಲ, ರದ್ದು ಮಾಡುವವನೇ ಒಡೆಯನಾದ್ದರಿಂದ. ಬೇಕಾದದ್ದು ಮತ್ತೆ ಹಿಂದಕ್ಕೆ ಪಡೆಯಲಾಗದ ಟ್ರಸ್ಟ್. ಮೊದಲು ಟ್ರಸ್ಟ್ ಪತ್ರ, ಅದಕ್ಕೊಂದು ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ. ಆಮೇಲೆ ಟ್ರಸ್ಟಿಯೇ ವಿಮೆಗೆ ಅರ್ಜಿ ಹಾಕುತ್ತಾರೆ. ಮಾಲೀಕರ ಜಾಗದಲ್ಲೂ ಫಲಾನುಭವಿಯ ಜಾಗದಲ್ಲೂ ಟ್ರಸ್ಟಿನ ಹೆಸರು. ನಮ್ಮ ಎಂಜಿನಿಯರ್ ಸಹಿ ಹಾಕುವುದು ವಿಮೆಗೊಳಪಡುವ ವ್ಯಕ್ತಿಯಾಗಿ ಮಾತ್ರ. ಅವರೇ ಟ್ರಸ್ಟಿಯಾಗಿ ಕುಳಿತರೆ ಬಿಟ್ಟ ಹಕ್ಕುಗಳು ಹಿಂಬಾಗಿಲಿನಿಂದ ವಾಪಸು ಬಂದವು ಎಂದು ತೆರಿಗೆ ಇಲಾಖೆ ವಾದಿಸಲು ದಾರಿಯಾಗುತ್ತದೆ. ಅದಕ್ಕೇ ತಮ್ಮನನ್ನೋ ನಂಬಿಕೆಯ ಗೆಳೆಯನನ್ನೋ ಬ್ಯಾಂಕನ್ನೋ ಕೂರಿಸುವುದು.

ಈ ಕ್ರಮ ಹಿಂದುಮುಂದಾಗಬಾರದು. ಈಗಾಗಲೇ ತನ್ನ ಹೆಸರಿನಲ್ಲಿರುವ ಪಾಲಿಸಿಯನ್ನು ಟ್ರಸ್ಟಿಗೆ ವರ್ಗಾಯಿಸಿ, ಮೂರು ವರ್ಷದೊಳಗೆ ತೀರಿಕೊಂಡರೆ ವರ್ಗಾವಣೆ ಆಗಲೇ ಇಲ್ಲ ಎಂಬಂತೆ ಪೂರ್ತಿ ಮೊತ್ತ ಎಸ್ಟೇಟಿಗೆ ಮರಳುತ್ತದೆ. ಇದು 2035ನೇ ಸೆಕ್ಷನ್. ಹೊಸ ಪಾಲಿಸಿಯನ್ನು ಟ್ರಸ್ಟೇ ಕೊಂಡಿದ್ದರೆ? ಹೆಡ್ರಿಕ್ ಎಂಬ ವಕೀಲರ ಪ್ರಕರಣ ಇದನ್ನೇ ಕೇಳಿತು. 1979ರಲ್ಲಿ ಅವರು ಟ್ರಸ್ಟ್ ಮಾಡಿದರು, ಟ್ರಸ್ಟಿಯಾಗಿದ್ದ ಬ್ಯಾಂಕು ಅವರ ಜೀವದ ಮೇಲೆ ಪಾಲಿಸಿ ಕೊಂಡಿತು, 1982ರಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಮೂರು ವರ್ಷ ತುಂಬಿರಲಿಲ್ಲ, ಪ್ರೀಮಿಯಂ ಹಣವೂ ಅವರದೇ. ಹಾಗಾಗಿ ಪಾಲಿಸಿಯನ್ನು ಅವರೇ ಕೊಟ್ಟಂತೆ ಎಂದು ಇಲಾಖೆ ವಾದಿಸಿತು. ಎಂದೂ ತನ್ನದಾಗಿರದ ಹಕ್ಕನ್ನು ಯಾರೂ ವರ್ಗಾಯಿಸಲಾರರು ಎಂದು 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಇಲಾಖೆಯೂ ಮುಂದೆ ಅದನ್ನು ಕೈಬಿಟ್ಟಿತು. ಹಾಗೆಂದು ಆತುರದಲ್ಲಿ ಪಾಲಿಸಿಯನ್ನು ತನ್ನ ಹೆಸರಲ್ಲಿ ತೆಗೆದು, ‘ಟ್ರಸ್ಟ್ ಆಮೇಲೆ ನೋಡೋಣ’ ಎಂದವರಿಗೆ ಈ ರಕ್ಷಣೆ ಇಲ್ಲ. ಒಂದು ದಿನ ಮಾಲೀಕರಾಗಿದ್ದರೂ ಮೂರು ವರ್ಷದ ಗಡಿಯಾರ ಓಡತೊಡಗುತ್ತದೆ.

ಇನ್ನು ಪ್ರೀಮಿಯಂ. ಟ್ರಸ್ಟಿನ ಬಳಿ ಸ್ವಂತ ದುಡ್ಡು ಎಲ್ಲಿಂದ ಬರಬೇಕು? ಅಪ್ಪನೇ ಪ್ರತಿ ವರ್ಷ ಕೊಡಬೇಕು, ಅದು ಉಡುಗೊರೆ. ಒಬ್ಬೊಬ್ಬರಿಗೆ ವರ್ಷಕ್ಕೆ 19,000 ಡಾಲರ್‌ವರೆಗಿನ ಉಡುಗೊರೆ ತೆರಿಗೆಯ ಲೆಕ್ಕಕ್ಕಿಲ್ಲ; ಆದರೆ ಪಡೆದವರು ಅದನ್ನು ಆಗಲೇ ಬಳಸುವಂತಿರಬೇಕು ಎಂಬ ಷರತ್ತಿದೆ. ಟ್ರಸ್ಟಿನಲ್ಲಿ ಬೀಗ ಹಾಕಿಟ್ಟ ಹಣ ಹಾಗಲ್ಲ. ಇದಕ್ಕೆ ದಾರಿ ತೋರಿಸಿದ್ದು ಕ್ಯಾಲಿಫೋರ್ನಿಯದ ಕ್ರಮ್ಮೀ ಕುಟುಂಬ. 1962ರಲ್ಲಿ ಅವರು ಮಕ್ಕಳಿಗಾಗಿ ಮಾಡಿದ ಟ್ರಸ್ಟಿನಲ್ಲಿ, ಆ ವರ್ಷ ಹಾಕಿದ ಹಣವನ್ನು ಮಕ್ಕಳು ಕೇಳಿ ಪಡೆಯಬಹುದು ಎಂದು ಬರೆದಿದ್ದರು. ಮಕ್ಕಳಲ್ಲಿ ಕೆಲವರು ಅಪ್ರಾಪ್ತರು. ಅವರು ಕೇಳುವುದುಂಟೇ ಎಂದು ಇಲಾಖೆ ತಕರಾರು ತೆಗೆಯಿತು. ಕೇಳುತ್ತಾರೋ ಇಲ್ಲವೋ ಮುಖ್ಯವಲ್ಲ, ಕೇಳುವ ಹಕ್ಕು ಇದ್ದರೆ ಸಾಕು ಎಂದು 1968ರಲ್ಲಿ ನ್ಯಾಯಾಲಯ ಹೇಳಿತು. ಅಂದಿನಿಂದ ಇಂಥ ಟ್ರಸ್ಟಿಗಳು ಪ್ರತಿ ವರ್ಷ ಪ್ರೀಮಿಯಂಗೆ ಮುನ್ನ ಮಕ್ಕಳಿಗೊಂದು ಪತ್ರ ಬರೆಯುತ್ತಾರೆ: ಇಷ್ಟು ಹಣ ಬಂದಿದೆ, ಬೇಕಿದ್ದರೆ 30 ದಿನದೊಳಗೆ ತೆಗೆದುಕೊಳ್ಳಿ. ಯಾರೂ ತೆಗೆಯುವುದಿಲ್ಲ, ತೆಗೆಯಬಾರದೆಂದೇ ಎಲ್ಲರ ಆಸೆ. ಆದರೂ ‘ತೆಗೆಯಬೇಡ’ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಇಡೀ ಏರ್ಪಾಟು ಸ್ವಲ್ಪ ನಾಟಕದಂತೆ ಕಾಣುವುದು ನಿಜ. ಆದರೆ ಪತ್ರಗಳನ್ನು ಕಡತದಲ್ಲಿ ಇಟ್ಟುಕೊಳ್ಳದ ಟ್ರಸ್ಟಿಗೆ ತನಿಖೆಯ ದಿನ ತೋರಿಸಲು ಏನೂ ಇರುವುದಿಲ್ಲ.

ಪೌರತ್ವದ ಗಂಟು ಇನ್ನೊಂದಿದೆ. ಅಮೆರಿಕದ ಪೌರರಾದ ಗಂಡ ಅಥವಾ ಹೆಂಡತಿಗೆ ಬಿಟ್ಟುಹೋದ ಆಸ್ತಿಗೆ, ಎಷ್ಟೇ ಆಗಲಿ, ಫೆಡರಲ್ ತೆರಿಗೆ ಇಲ್ಲ. ಉಳಿದವರು ಇನ್ನೂ ಗ್ರೀನ್ ಕಾರ್ಡಿನಲ್ಲೇ ಇದ್ದರೆ ಈ ಸೌಲಭ್ಯ ತಾನಾಗಿ ಸಿಗುವುದಿಲ್ಲ, ಅದಕ್ಕೆ ಬೇರೆಯದೇ ಒಂದು ಟ್ರಸ್ಟ್ ಬೇಕು. ಅಮೆರಿಕವನ್ನೇ ಶಾಶ್ವತ ನೆಲೆ ಮಾಡಿಕೊಂಡವರಿಗೆ ಪ್ರಪಂಚದಲ್ಲಿ ಎಲ್ಲಿದ್ದರೂ ಆಸ್ತಿ ಆಸ್ತಿಯೇ: ಮೈಸೂರಿನ ಸೈಟು, ಹಾಸನದಲ್ಲಿದ್ದಾಗ ಮಾಡಿಸಿದ ಎಲ್‌ಐಸಿ ಪಾಲಿಸಿ ಎಲ್ಲವೂ ಫೆಡರಲ್ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಪೌರತ್ವ ಪಡೆಯದೆ ಬೆಂಗಳೂರಿಗೆ ಮರಳಿ ನೆಲೆಸಿದವರ ಕಥೆ ತಿರುವುಮುರುವು. ಅವರಿಗಿರುವ ವಿನಾಯಿತಿ ಬರೀ 60 ಸಾವಿರ ಡಾಲರ್, ಹಳೆಯ ಕಂಪನಿ ಕೊಟ್ಟ ಅಮೆರಿಕದ ಷೇರುಗಳು ಅದನ್ನು ದಾಟಿದರೆ ತೆರಿಗೆ. ಎರಡು ದೇಶಗಳ ನಡುವೆ ಎಸ್ಟೇಟ್ ತೆರಿಗೆಯ ಒಪ್ಪಂದವೂ ಇಲ್ಲ. ಆದರೆ ಅವರದೇ ಜೀವದ ಮೇಲಿನ ವಿಮೆ, ಅಮೆರಿಕದ ಕಂಪನಿಯದೇ ಆಗಿದ್ದರೂ, ಲೆಕ್ಕಕ್ಕಿಲ್ಲ. ಅಂಥವರಿಗೆ ವಿಮಾ ಟ್ರಸ್ಟ್ ಮಾರಲು ಬಂದವರನ್ನು ಕಾಫಿ ಕೊಟ್ಟು ಕಳಿಸಬಹುದು.

ಇದೇ ತರ್ಕದ ಹಳೆಯ ರೂಪ ನಮ್ಮಲ್ಲೂ ಇದೆ, ಕಾರಣ ಮಾತ್ರ ಬೇರೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗೆಂದು ಪಾಲಿಸಿ ತೆಗೆದರೆ ಅದು ಕಾನೂನಿನ ಕಣ್ಣಿನಲ್ಲಿ ಟ್ರಸ್ಟ್. ಸಾಲ ಕೊಟ್ಟವರು ಅದಕ್ಕೆ ಕೈಹಾಕುವಂತಿಲ್ಲ. ಪ್ರಸ್ತಾವನೆ ಸಲ್ಲಿಸುವಾಗಲೇ ಬೇರೆ ಫಾರಂ ತುಂಬಬೇಕು, ಆಮೇಲೆ ಮನಸ್ಸು ಬದಲಾಯಿತೆಂದರೆ ನಡೆಯದು. ಇಲ್ಲಿ ದೂರ ಇಡುವುದು ತೆರಿಗೆಯವರನ್ನಲ್ಲ, ಸಾಲ ಕೊಟ್ಟವರನ್ನು. ತೆರಬೇಕಾದ ಬೆಲೆ ಮಾತ್ರ ಅದೇ, ಹಿಡಿತ ಬಿಡುವುದು.

ಆ ಬೆಲೆ ಸಣ್ಣದಲ್ಲ. ನಾಳೆ ವಿಚ್ಛೇದನವಾದರೆ, ಮಗನ ಜತೆ ಮುನಿಸಾದರೆ, ಹಣದ ಅಡಚಣೆ ಬಂದರೆ ಪಾಲಿಸಿಯತ್ತ ಕೈಚಾಚುವಂತಿಲ್ಲ. ವಕೀಲರ ಶುಲ್ಕ, ವರ್ಷವರ್ಷದ ಪತ್ರವ್ಯವಹಾರ ಬೇರೆ. ರಾಜ್ಯದಲ್ಲಿ ಎಸ್ಟೇಟ್ ತೆರಿಗೆಯೇ ಇಲ್ಲದ, ಒಟ್ಟು ಆಸ್ತಿ ಒಂದೆರಡು ಮಿಲಿಯನ್‌ನಲ್ಲಿ ನಿಲ್ಲುವ ಕುಟುಂಬಕ್ಕೆ ಇದು ಬೇಡವೆಂದೇ ನನ್ನ ಅಭಿಪ್ರಾಯ. ಹಿಲ್ಸ್‌ಬರೊದ ಎಂಜಿನಿಯರಿಗೆ ಬೇಕು.

ಅವರು ವಕೀಲರ ಕರಡನ್ನು ಓದುವಾಗ ಒಂದು ವಾಕ್ಯವನ್ನು ಹುಡುಕಬೇಕು. ‘ಎಸ್ಟೇಟಿನ ತೆರಿಗೆ, ಸಾಲಗಳನ್ನು ಟ್ರಸ್ಟಿ ಕಟ್ಟತಕ್ಕದ್ದು’ ಎಂದಿದ್ದರೆ ಕಟ್ಟಬೇಕಾದಷ್ಟು ಹಣ ಎಸ್ಟೇಟಿಗೇ ಸಂದಂತೆ, ಅಷ್ಟರ ಮಟ್ಟಿಗೆ ತೆರಿಗೆಯ ಲೆಕ್ಕ ಸೇರುತ್ತದೆ. ಅನುಭವಿ ವಕೀಲರು ಟ್ರಸ್ಟಿಗೆ ಕರ್ತವ್ಯ ವಿಧಿಸದೆ ಅಧಿಕಾರವನ್ನಷ್ಟೇ ಕೊಡುತ್ತಾರೆ: ಬೇಕಿದ್ದರೆ ಎಸ್ಟೇಟಿಗೆ ಸಾಲ ಕೊಡಬಹುದು, ಇಲ್ಲವೇ ಮನೆಯನ್ನು ಮಾರುಕಟ್ಟೆ ಬೆಲೆಗೆ ಅದರಿಂದ ಕೊಳ್ಳಬಹುದು. ತೆರಿಗೆಗೆ ನಗದು ಹೊಂದುತ್ತದೆ, ಮನೆ ಮಕ್ಕಳಿಗಾಗಿ ಟ್ರಸ್ಟಿನಲ್ಲೇ ಉಳಿಯುತ್ತದೆ.